ದೂರದ ಗ್ರಹಕ್ಕೆ ಮನೆಯ ಮಗಳು ಹೊಣೆಯೇ?

ಬಸವಾದಿ ಶರಣರು ಬದುಕಿನ ಶುಭಾಶುಭಗಳನ್ನು ಆಕಾಶದಲ್ಲಿ ಅರಸಲಿಲ್ಲ. ರಾಶಿಕೂಟ, ತಾರಾಬಲ, ಚಂದ್ರಬಲಗಳ ಲೆಕ್ಕಕ್ಕಿಂತ ಶಿವಶರಣರ ಸಂಕಲ್ಪವೇ ಮಿಗಿಲೆಂಬುದು ಬಸವಣ್ಣನವರ ನಿಲುವು. ಹನ್ನೆರಡನೆಯ ಶತಮಾನದಲ್ಲಿಯೇ ತೀರ್ಮಾನವಾದ ಈ ವಿಷಯವು ಇಂದು ಹೊಸ ವೇಷ ತೊಟ್ಟು ಬಂದಿದೆ. ವಿಜ್ಞಾನಿಗಳು ಸೌರಮಂಡಲದ ಅಂಚಿಗೆ ನೌಕೆ ಕಳುಹಿಸಿದರೆ, ಫಲಜ್ಯೋತಿಷಿಗಳು ಅಲ್ಲಿಯ ಕಾಯಗಳಿಗೂ ಜಾತಕದಲ್ಲಿ ಸ್ಥಾನ ಕಲ್ಪಿಸುತ್ತಿದ್ದಾರೆ.

ಪಂಚಾಂಗದ ನವಗ್ರಹಗಳಲ್ಲಿ ಶನಿಯೇ ಅತ್ಯಂತ ದೂರದವನು. ೧೭೮೧ರಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ಯುರೇನಸ್ಸನ್ನು ಕಂಡನು; ಅನಂತರ ಅದು 'ಹರ್ಷಲ್' ಎಂಬ ಹೆಸರಿನಿಂದ ಜಾತಕವನ್ನು ಹೊಕ್ಕಿತು. ಯುರೇನಸ್ಸಿನ ಚಲನೆಯ ವ್ಯತ್ಯಾಸವನ್ನು ಗಣಿಸಿ ೧೮೪೬ರಲ್ಲಿ ನೆಪ್ಚೂನನ್ನು ಕಂಡುಹಿಡಿದರು. ಅದು ಗಣಿತದ ಫಲವೇ ಹೊರತು ಯಾರದೋ ಕುಂಡಲಿಯ ಫಲವಲ್ಲ. ೧೯೩೦ರಲ್ಲಿ ದೊರೆತ ಪ್ಲೂಟೊ ೨೦೦೬ರಲ್ಲಿ ಗ್ರಹಪದವಿಯನ್ನೇ ಕಳೆದುಕೊಂಡಿತು. ಪದವಿ ಹೋಯಿತು, ಅದಕ್ಕೆ ಹೇಳಿದ ಫಲ ಮಾತ್ರ ಹೋಗಲಿಲ್ಲ! ಈ ಕಾಯಗಳಿಗೆ ಮನುಷ್ಯನನ್ನು ಆಳುವ ಶಕ್ತಿಯಿದ್ದರೆ, ಇವನ್ನು ಅರಿಯದೆ ಬರೆದ ಶತಮಾನಗಳ ಜಾತಕಗಳೆಲ್ಲ ಸುಳ್ಳೆಂದಾಯಿತು. ಆ ಜಾತಕಗಳು ನಿಜವೆಂದರೆ, ಇವುಗಳ ಶಕ್ತಿ ಸುಳ್ಳಾಯಿತು.

ಚಂದ್ರನು ಕಡಲನ್ನು ಉಕ್ಕಿಸುವಾಗ ಗ್ರಹಗಳು ಮನುಷ್ಯನನ್ನು ಏಕೆ ಮುಟ್ಟಬಾರದೆಂದು ಕೆಲವರು ಕೇಳುತ್ತಾರೆ. ಕಡಲುಬ್ಬರಕ್ಕೆ ಕಾರಣ ಚಂದ್ರನ ಗುರುತ್ವ. ಆ ಗುರುತ್ವವು ಜನ್ಮನಕ್ಷತ್ರವನ್ನು ಕೇಳಿ ಒಬ್ಬನನ್ನು ಎಳೆದು ಮತ್ತೊಬ್ಬನನ್ನು ಬಿಡುವುದಿಲ್ಲ. ರಾಹು ಕೇತುಗಳಂತೂ ಕಾಯಗಳೇ ಅಲ್ಲ. ಚಂದ್ರನ ಪಥವು ಸೂರ್ಯನ ಪಥವನ್ನು ಛೇದಿಸುವ ಎರಡು ಬಿಂದುಗಳು. ಬಿಂದುವಿಗೆ ಎಲ್ಲಿಯ ಕೋಪ?

ಕ್ಯಾಸಿನಿ ನೌಕೆಯು ೨೦೦೪ರಿಂದ ೨೦೧೭ರವರೆಗೆ ಶನಿಯನ್ನೇ ಸುತ್ತಿತು. ಹದಿಮೂರು ವರ್ಷದ ಆ ಶನಿಸಹವಾಸದಲ್ಲಿ ಅದು ಕಂಡದ್ದು ಕೇಡನ್ನಲ್ಲ. ಶನಿಯ ಉಪಗ್ರಹವೊಂದರಿಂದ ಚಿಮ್ಮುವ ನೀರನ್ನು. ನಮ್ಮ ಮಂಗಳಯಾನವು ೨೦೧೪ರ ಸೆಪ್ಟೆಂಬರ್ ೨೪ರಂದು ಕುಜನ ಕಕ್ಷೆಯನ್ನು ಸೇರಿತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಬೃಹತ್ ಆಂಟೆನಾಗಳು ಅದರ ಸಂಕೇತಗಳನ್ನು ಆಲಿಸಿದವು. ಆ ಸಂಕೇತಗಳಲ್ಲಿ ದೋಷದ ಸುದ್ದಿಯಿರಲಿಲ್ಲ.

ಆದರೂ ಕುಜದೋಷದ ನೆಪದಿಂದ ಹೆಣ್ಣುಮಕ್ಕಳ ಸಂಬಂಧಗಳು ಮುರಿಯುತ್ತವೆ. ಗಂಗಾವತಿಯ ನೀರಾವರಿ ಗದ್ದೆಯ ರೈತನಿರಲಿ, ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲದ ರೈತನಿರಲಿ, ಕೊಪ್ಪಳದ ಪೇಟೆಯ ವ್ಯಾಪಾರಿಯಿರಲಿ, ಬೆವರು ಸುರಿಸಿ ಗಳಿಸಿದ ಹಣ ಗ್ರಹಶಾಂತಿಗೆ ಸಂದರೆ ಅದು ಕಾಯಕಕ್ಕೂ ಅಪಚಾರ, ದಾಸೋಹಕ್ಕೂ ನಷ್ಟ. ಮನಸ್ಸಿನ ಸಮಾಧಾನಕ್ಕಾಗಿ ಮಾಡಿದರೆ ತಪ್ಪೇನೆಂಬ ಮಾತು ಸಲ್ಲದು. ಒಬ್ಬರ ಸಮಾಧಾನಕ್ಕೆ ಮತ್ತೊಬ್ಬರ ಮಗಳು ಕಣ್ಣೀರಿಡುವುದು ಯಾವ ಧರ್ಮ?

ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು, ಅದೇ ಅಂಗೈಯನ್ನು ಭವಿಷ್ಯಕ್ಕಾಗಿ ಮತ್ತೊಬ್ಬರ ಮುಂದೆ ಚಾಚುವುದು ಲಿಂಗನಿಷ್ಠೆಯಲ್ಲ. ದೂರದ ಲೋಕಗಳನ್ನು ಅರಿಯೋಣ, ಅವುಗಳಿಗೆ ಅಂಜುವುದು ಬೇಡ. ಈ ವರ್ಷ ಮನೆಗೆ ಸಂಬಂಧ ಬಂದಾಗ ಭಕ್ತರು ಜಾತಕವನ್ನು ಬದಿಗಿಟ್ಟು ಗುಣವನ್ನು ನೋಡಲಿ.