ಕತ್ತಿಗೆ ಸ್ಕ್ಯಾನರ್
ಜಪಾನಿನ ಕತಾನಾ ಕತ್ತಿಯ ಫೋಟೋ ತೆಗೆಯುವುದು ಕನ್ನಡಿಯ ಫೋಟೋ ತೆಗೆದಷ್ಟೇ ಪೇಚು. ಅಲಗಿನ ಬದಲು ಕ್ಯಾಮೆರಾವೇ ಮೂಡುತ್ತದೆ. ಕಾಣಬೇಕಾದದ್ದು ಹಾಮೊನ್: ಬೆನ್ನಿಗೆ ದಪ್ಪ, ಬಾಯಿಗೆ ತೆಳು ಜೇಡಿಮಣ್ಣು ಬಳಿದು, ಕಾಸಿ ನೀರಿಗದ್ದಿದಾಗ ಗಡಸಾದ ಅಂಚಿನುದ್ದಕ್ಕೂ ಏಳುವ ಬಿಳಿ ಅಲೆ. ಬೆಳಕು ತಕ್ಕ ಓರೆಯಲ್ಲಿ ಬಿದ್ದರಷ್ಟೇ ಅದು ಕಣ್ಣಿಗೆ ದಕ್ಕುತ್ತದೆ. ಕಾಗದಪತ್ರಕ್ಕೆಂದೇ ಹುಟ್ಟಿದ ಫ್ಲಾಟ್‌ಬೆಡ್ ಸ್ಕ್ಯಾನರ್ ಇಲ್ಲಿ ಒದಗಿಬರುತ್ತದೆ. ಅದರ ದೀಪ ಅಲಗಿನುದ್ದಕ್ಕೂ ಸರಿಯುವುದರಿಂದ ಬೆಳಕಿನ ಕೋನ ಬದಲಾಗದು. ಆದರೆ ಸಿಸಿಡಿ ಬಗೆಯ ಸ್ಕ್ಯಾನರೇ ಬೇಕು. ನಡುವಿನ ಏಣಿನಿಂದಾಗಿ ಕತ್ತಿಯ ಬಾಯಿ ಗಾಜಿಗೆ ತಾಗದೆ ತುಸು ಮೇಲೆ ನಿಲ್ಲುತ್ತದೆ, ತೆಳ್ಳನೆಯ ಸಿಐಎಸ್ ಬಗೆಯ ಸ್ಕ್ಯಾನರಿನಲ್ಲಿ ಅಷ್ಟಕ್ಕೇ ಚಿತ್ರ ಮಸುಕಾಗುತ್ತದೆ. ಎ4 ಗಾಜಿಗೆ ಇಡೀ ಅಲಗು ಹಿಡಿಸದು, ತುಂಡುತುಂಡಾಗಿ ತೆಗೆದು ಜೋಡಿಸಬೇಕು. ಅಲಗನ್ನು ಕೈಯಲ್ಲೇ ಬಿಡಿಸುವ ಓಶಿಗಾತಾ ಚಿತ್ರದ ಜೀವ ಸ್ಕ್ಯಾನಿಗಿಲ್ಲ, ನಿಜ. ಅಲಗನ್ನು ಗಾಜಿನ ಮೇಲೆ ಎಳೆದಾಡಬೇಡಿ. ಗೀರು ಬಿದ್ದರೆ ಮತ್ತೆ ಸಾಣೆ ಹಿಡಿಸುವ ಖರ್ಚು ಸ್ಕ್ಯಾನರಿನ ಬೆಲೆಯನ್ನೂ ಮೀರುತ್ತದೆ.