ಸ್ಟಾಪ್‌ವಾಚ್‌ಗೆ ಸಿಗದ ಕ್ವಾರ್ಟರ್‌ಬ್ಯಾಕ್

ಫುಟ್‌ಬಾಲ್ ಅಂದ ತಕ್ಷಣ ನಮ್ಮ ಹಾಸ್ಟೆಲ್‌ಗಳಲ್ಲಿ ಮೆಸ್ಸಿ ದೊಡ್ಡವನೋ ರೊನಾಲ್ಡೊ ದೊಡ್ಡವನೋ ಅನ್ನೋ ಜಗಳ ಶುರುವಾಗುತ್ತೆ. ಈ ಲೇಖನ ಆ ಫುಟ್‌ಬಾಲ್ ಬಗ್ಗೆ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡಿದು ಎಸೆಯೋ ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಕೈಯಲ್ಲಿ ಆಡೋ ಆಟಕ್ಕೆ ಆ ಹೆಸರು ಯಾಕೆ ಅಂತ ನಮ್ಮನ್ನ ಕೇಳ್ಬೇಡಿ. ಆದರೆ ಅಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಡೆಯೋ ಒಂದು ವಿಷಯವನ್ನ ನಮ್ಮಂಥವರು ಗಮನಿಸಬೇಕು. ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನ ಕಾಲೇಜು ಹುಡುಗರನ್ನ ಅಳೆದು, ತೂಗಿ, ಇವನು ಒಂದನೇ ನಂಬರ್, ಇವನು ಇನ್ನೂರನೇ ನಂಬರ್ ಅಂತ ಟಿವಿಯಲ್ಲಿ ಎಲ್ಲರ ಎದುರು ಘೋಷಿಸ್ತಾರೆ. ಅದೇ ಎನ್‌ಎಫ್‌ಎಲ್ ಡ್ರಾಫ್ಟ್. ಅಲ್ಲಿ ತಂಡಗಳು ದುಬಾರಿಯಾಗಿ ಎಡವೋದು ಆಟದ ಅತಿ ಮುಖ್ಯ ಜಾಗದಲ್ಲೇ, ಕ್ವಾರ್ಟರ್‌ಬ್ಯಾಕ್ ಆಯ್ಕೆಯಲ್ಲಿ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. 11 ಜನರ ತಂಡಕ್ಕೆ 10 ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಹೆಚ್ಚಿನಂಶ ಪ್ರತಿ ಸಲವೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನ ಪಕ್ಕದಲ್ಲಿ ಓಡೋನಿಗೆ ಕೊಡಬಹುದು, ದೂರ ಓಡ್ತಿರೋ ಜೊತೆಗಾರನಿಗೆ ಎಸೆಯಬಹುದು, ಇಲ್ಲ ತಾನೇ ಓಡಬಹುದು. ಎಸೆಯೋದಾದ್ರೆ ಸಿಗೋ ಟೈಮ್ ಹೆಚ್ಚೂಕಡಿಮೆ ಮೂರು ಸೆಕೆಂಡ್. ಅಷ್ಟರೊಳಗೆ ನೂರು ಕೆ.ಜಿ. ಮೀರಿದ ನಾಲ್ಕೈದು ಜನ ಅವನ ಮೇಲೆ ಬೀಳೋಕೆ ನುಗ್ಗಿರ್ತಾರೆ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್, ಓಪನರ್ ಎರಡೂ ಒಬ್ಬನೇ ಆಗಿ, ಅವನು ಔಟಾದ್ರೆ ಮ್ಯಾಚೇ ಮುಗೀತು ಅನ್ನೋ ಥರ. ಒಟ್ಟು 32 ತಂಡ, 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಕ್ಕೆ ಮೊದಲ ಆಯ್ಕೆ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಯಾರೂ ಡ್ರಾಫ್ಟ್‌ಗೆ ಬರೋ ಹಾಗಿಲ್ಲ. ಹಾಗಾಗಿ ಬಹುತೇಕ ಎಲ್ಲರೂ ಕಾಲೇಜು ಫುಟ್‌ಬಾಲ್ ಆಡಿಯೇ ಬರ್ತಾರೆ.

ಟಾಮ್ ಬ್ರೇಡಿ ಕಥೆ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. 2000ದ ಡ್ರಾಫ್ಟ್, 6ನೇ ಸುತ್ತು, 199ನೇ ಆಯ್ಕೆ. ಅವನಿಗಿಂತ ಮೊದಲು ಆರು ಜನ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ರು. ಮುಂದೆ ಅವನು ಗೆದ್ದಿದ್ದು 7 ಸೂಪರ್ ಬೌಲ್. ಹಿಂದೆ ಪಿಯಾನೋ ಮ್ಯೂಸಿಕ್ ಹಾಕಿ "ನಿನ್ನನ್ನ ನೀನು ನಂಬು" ಅಂತ ಮುಗಿಸ್ತಾರೆ. ನಮಗೆ ಈ ಕಥೆಯಲ್ಲಿ ಆಸಕ್ತಿ ಇರೋದು ಬೇರೆ ಕಾರಣಕ್ಕೆ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಪೊಲಿಸ್‌ನಲ್ಲಿ ಕಂಬೈನ್ ಅಂತ ಒಂದು ಪರೀಕ್ಷೆ ನಡೆಯುತ್ತೆ. ಎತ್ತರ, ತೂಕ, ಅಂಗೈ ಅಗಲ, ಜಿಗಿತ, 40 ಗಜ ಓಟ ಎಲ್ಲ ಅಳೀತಾರೆ. ಬ್ರೇಡಿ ಆ 40 ಗಜ ಓಡೋಕೆ ತಗೊಂಡಿದ್ದು 5.28 ಸೆಕೆಂಡ್. ಅಂದ್ರೆ ನಿಧಾನ, ಬಹಳ ನಿಧಾನ. ಆದರೆ ಅದೇ ವರ್ಷ ಜನವರಿ 1ರಂದು ಮಿಷಿಗನ್ ಪರವಾಗಿ ಆರೆಂಜ್ ಬೌಲ್‌ನಲ್ಲಿ ಅಲಬಾಮಾ ಎದುರು ಅವನು 369 ಗಜ ಎಸೆದಿದ್ದ. ಎರಡು ಸಲ 14 ಪಾಯಿಂಟ್ ಹಿಂದೆ ಬಿದ್ದು, ಎರಡು ಸಲವೂ ತಂಡವನ್ನ ವಾಪಸ್ ತಂದು, ಎಕ್ಸ್‌ಟ್ರಾ ಟೈಮ್‌ನಲ್ಲಿ 35-34ರಿಂದ ಗೆಲ್ಲಿಸಿದ್ದ. ಎರಡೂ ಮಾಹಿತಿ ಎಲ್ಲರ ಕೈಯಲ್ಲೂ ಇತ್ತು. ಒಂದನ್ನ ಎಕ್ಸೆಲ್ ಶೀಟಲ್ಲಿ ಬರೆಯೋಕೆ ಆಗುತ್ತೆ, ಇನ್ನೊಂದನ್ನ ಆಗಲ್ಲ.

ಅವನನ್ನ ತಗೊಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ಮಹಾ ಜಾಣರು ಅಂತಲೂ ಹೇಳ್ಬೇಡಿ. ಅದೇ ಡ್ರಾಫ್ಟ್‌ನ ಮೊದಲಿನ ಸುತ್ತುಗಳಲ್ಲಿ ಅವರೂ ಬೇರೆಯವರನ್ನೇ ಆರಿಸಿದ್ರು. ಗೊತ್ತಿದ್ರೆ 199ರವರೆಗೆ ಯಾರಾದ್ರೂ ಕಾಯ್ತಾರಾ?

ಸುಲಭವಾಗಿ ಅಳೆಯೋಕೆ ಸಿಗೋದನ್ನ ಅಳೆದು ಅದಕ್ಕೆ ಸಾಮರ್ಥ್ಯ ಅಂತ ಹೆಸರಿಡೋದು ನಮ್ಮ ಮೊದಲ ತಕರಾರು. ಕ್ವಾರ್ಟರ್‌ಬ್ಯಾಕ್‌ನ ನಿಜವಾದ ಕೆಲಸ ಆ ಮೂರು ಸೆಕೆಂಡ್‌ನಲ್ಲಿದೆ. ಮೊದಲು ನೋಡಿದ ಜೊತೆಗಾರನನ್ನ ಎದುರಾಳಿ ಮುಚ್ಚಿದ್ದಾನೆ, ಎರಡನೆಯವನೂ ಮುಚ್ಚಿದ್ದಾನೆ, ಬಲಗಡೆಯಿಂದ ಒಬ್ಬ ನುಗ್ತಿದ್ದಾನೆ. ಈಗ ಏನು? ಇದಕ್ಕೆ ಸ್ಟಾಪ್‌ವಾಚ್ ಇಲ್ಲ. ಬರವಣಿಗೆ ಟೆಸ್ಟ್ ಮಾಡಿ ಅಳೆಯೋಕೂ ನೋಡಿದ್ರು. ವಂಡರ್ಲಿಕ್ ಅಂತ 12 ನಿಮಿಷದಲ್ಲಿ 50 ಪ್ರಶ್ನೆ, ಥೇಟ್ ನಮ್ಮ ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟ್. ರೈಲು ಸೇತುವೆ ದಾಟೋ ಲೆಕ್ಕ ಬಿಡಿಸಿದವನು ಒಳ್ಳೆ ಕೋಡ್ ಬರೀತಾನೆ ಅನ್ನೋ ನಂಬಿಕೆ ಇದೆಯಲ್ಲ, ಅದೇ ಜಾತಿಯದು. ಎನ್‌ಎಫ್‌ಎಲ್ 2022ರಲ್ಲಿ ಕಂಬೈನ್‌ನಿಂದ ಅದನ್ನ ಕೈಬಿಡ್ತು. ಮರುವರ್ಷವೇ ಎಸ್2 ಅನ್ನೋ ಇನ್ನೊಂದು ಟೆಸ್ಟ್ ಸುದ್ದಿಯಾಯ್ತು. ಅದರಲ್ಲಿ ಒಹಾಯೊ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್‌ಗೆ ತೀರಾ ಕಡಿಮೆ ಅಂಕ ಬಂದಿದೆ ಅನ್ನೋ ಸುದ್ದಿ ಡ್ರಾಫ್ಟ್‌ಗೆ ಮುಂಚೆ ಸೋರಿಕೆ ಆಯ್ತು. 21 ವರ್ಷದ ಹುಡುಗನ ತಲೆ ಓಡುತ್ತೋ ಇಲ್ವೋ ಅಂತ ದೇಶವೇ ಚರ್ಚೆ ಮಾಡಿತು. ನಾಲ್ಕೇ ತಿಂಗಳ ಹಿಂದೆ ಜಾರ್ಜಿಯಾದಂಥ ತಂಡದ ಎದುರು ಅವನು 348 ಗಜ ಎಸೆದು, ಒಂದೇ ಪಾಯಿಂಟ್‌ನಿಂದ ಸೋತಿದ್ದು ಯಾರಿಗೂ ನೆನಪಿರಲಿಲ್ಲ ಅನ್ಸುತ್ತೆ. ಹ್ಯೂಸ್ಟನ್ ಅವನನ್ನ 2ನೇ ಆಯ್ಕೆಯಾಗಿ ತಗೊಂಡಿತು. ಆ ಸೀಸನ್‌ನ ಅತ್ಯುತ್ತಮ ಹೊಸ ಆಕ್ರಮಣಕಾರಿ ಆಟಗಾರ ಅನ್ನೋ ಪ್ರಶಸ್ತಿ ಸ್ಟ್ರೌಡ್‌ಗೇ ಬಂತು.

ಹಾಗಾದ್ರೆ ಕಾಲೇಜು ಮ್ಯಾಚ್‌ಗಳ ಅಂಕಿ ಅಂಶ ನೋಡಿದ್ರೆ ಸಾಕಾ? ಇಲ್ಲೇ ಮಜಾ ಇರೋದು. 2016ರ ಅಕ್ಟೋಬರ್‌ನಲ್ಲಿ ಟೆಕ್ಸಸ್ ಟೆಕ್ ಮತ್ತು ಒಕ್ಲಹೋಮ ನಡುವೆ ಒಂದು ಹುಚ್ಚು ಮ್ಯಾಚ್ ಆಯ್ತು. ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ ಒಬ್ಬನೇ 734 ಗಜ ಎಸೆದ. ಆದ್ರೂ 66-59ರಿಂದ ಸೋತ. ಆ ಕಡೆ ಇದ್ದವನು ಬೇಕರ್ ಮೇಫೀಲ್ಡ್. ಆಯ್ಕೆ ಮಾಡೋರು ಈ 734ನ್ನ ನೋಡಿ ಕುಣಿಯಲಿಲ್ಲ, ಬದಲಿಗೆ ಅನುಮಾನ ಪಟ್ಟರು. ಅವರ ಅನುಮಾನಕ್ಕೆ ಕಾರಣವೂ ಇತ್ತು, ಅದನ್ನ ಒಪ್ಪಬೇಕು. ಟೆಕ್ಸಸ್ ಟೆಕ್‌ನ ಏರ್ ರೇಡ್ ಪದ್ಧತಿಯಲ್ಲಿ ಮೈದಾನ ತುಂಬ ಆಟಗಾರರನ್ನ ಹರಡಿ ಎಸೀತಾನೇ ಇರ್ತಾರೆ. ಮಹೋಮ್ಸ್‌ಗಿಂತ ಮುಂಚೆಯೂ ಅಲ್ಲಿನ ಹುಡುಗರು ಗುಡ್ಡೆ ಗುಡ್ಡೆ ಗಜ ಎಸೆದಿದ್ರು. ಬಿ.ಜೆ. ಸೈಮನ್ಸ್, ಗ್ರಹಾಂ ಹ್ಯಾರೆಲ್ ಅಂಥವರು ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಲೇ ಇಲ್ಲ. ಮೈದಾನವೂ ಬೇರೆ. ಚೆಂಡು ಇಡೋ ಹ್ಯಾಶ್ ಗೆರೆಗಳ ನಡುವೆ ಕಾಲೇಜಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಕಾಲೇಜಲ್ಲಿ ಒಂದು ಪಕ್ಕಕ್ಕೆ ಹೋಗಿ ನಿಂತರೆ ಇನ್ನೊಂದು ಪಕ್ಕ ಇಡೀ ಬಯಲು ಖಾಲಿ. ಅಂದ್ರೆ ಕಾಲೇಜಿನ ಅಂಕಿ ಅಂಶ ಹುಡುಗನೊಬ್ಬನದ್ದಲ್ಲ. ಕೋಚ್, ಪದ್ಧತಿ, ಜೊತೆಗಾರರು, ಎದುರಾಳಿ ಎಲ್ಲ ಸೇರಿದ ಔಟ್‌ಪುಟ್ ಅದು. ಅದರಲ್ಲಿ ಅವನ ಪಾಲು ಎಷ್ಟು ಅಂತ ಬೇರ್ಪಡಿಸೋದೇ ಕಷ್ಟದ ಕೆಲಸ.

2017ರ ಡ್ರಾಫ್ಟ್‌ನಲ್ಲಿ ಚಿಕಾಗೊ 2ನೇ ಆಯ್ಕೆಯಾಗಿ ನಾರ್ತ್ ಕೆರೊಲೈನಾದ ಮಿಚೆಲ್ ಟ್ರುಬಿಸ್ಕಿಯನ್ನ ತಗೊಂಡಿತು. ಮಹೋಮ್ಸ್ 10ನೇ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಹೋದ. ಉಳಿದಿದ್ದು ಇತಿಹಾಸ. ಆದರೆ ಟ್ರುಬಿಸ್ಕಿ ಕಾಲೇಜಲ್ಲಿ ಮೊದಲಿಂದ ಆಡಿದ್ದು ಬರೀ 13 ಮ್ಯಾಚ್. ಪ್ರಾಬಬಿಲಿಟಿ ಓದಿರೋರು ಒಂದು ಲೆಕ್ಕ ಹಾಕಿ. 400 ಎಸೆತದಲ್ಲಿ 60 ಶೇಕಡ ಗುರಿ ಮುಟ್ಟಿದೆ ಅಂದ್ರೆ ಸ್ಟ್ಯಾಂಡರ್ಡ್ ಎರರ್ ಎರಡೂವರೆ ಶೇಕಡ ಹತ್ತಿರ ಬರುತ್ತೆ. ಅಂದ್ರೆ 55 ಆಗಿರಬಹುದು, 65 ಆಗಿರಬಹುದು. ಒಬ್ಬ ಸಾಧಾರಣನಿಗೂ ಒಬ್ಬ ತಾರೆಗೂ ಇರೋ ವ್ಯತ್ಯಾಸ ಅಷ್ಟೇ! 13 ಮ್ಯಾಚ್ ನೋಡಿ ಇವನು ಹೀಗೇ ಅಂತ ಖಚಿತವಾಗಿ ಹೇಳೋರ ಧೈರ್ಯ ಮೆಚ್ಚಬೇಕು.

ಇದಕ್ಕೆ ಯಾರಾದ್ರೂ ಜಾಶ್ ಆಲನ್ ಹೆಸರು ತಂದೇ ತರ್ತಾರೆ. ವಯೊಮಿಂಗ್‌ನಲ್ಲಿ ಅವನ ಎಸೆತಗಳಲ್ಲಿ ಗುರಿ ಮುಟ್ಟಿದ್ದು 56 ಶೇಕಡ ಚಿಲ್ಲರೆ. ತೋಳು ಮಾತ್ರ ಫಿರಂಗಿ. 2018ರಲ್ಲಿ ಬಫಲೋ 7ನೇ ಆಯ್ಕೆಯಾಗಿ ತಗೊಂಡಾಗ ಅಂಕಿ ಅಂಶದವರೆಲ್ಲ ನಕ್ಕಿದ್ರು. 2020ರ ಹೊತ್ತಿಗೆ 69 ಶೇಕಡ, 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ. ಆವತ್ತಿಂದ ಗುರಿ ಇಲ್ಲದ, ತೋಳು ಇರೋ ಪ್ರತಿ ಹುಡುಗನೂ ಮುಂದಿನ ಜಾಶ್ ಆಲನ್. ನಮ್ಮ ಪ್ರಕಾರ ಇದು ವಾಪಸ್ ಬಂದ ವಿಮಾನಗಳನ್ನ ಮಾತ್ರ ಎಣಿಸೋ ಹಳೇ ತಪ್ಪು. ಅದೇ ಥರದ ದೊಡ್ಡ ದೇಹ, ದೊಡ್ಡ ತೋಳು ನೋಡಿ 2007ರಲ್ಲಿ ಓಕ್ಲಂಡ್ 1ನೇ ಆಯ್ಕೆಯಾಗಿ ತಗೊಂಡ ಜಮಾರ್ಕಸ್ ರಸೆಲ್‌ನನ್ನ ಮೂರೇ ಸೀಸನ್‌ಗೆ ಮನೆಗೆ ಕಳಿಸಿತು. ಅವನ ಮೇಲೆ ಯಾರೂ ರೀಲ್ಸ್ ಮಾಡಲ್ಲ.

ಇನ್ನು ಅಳತೆಗೇ ಬಣ್ಣ ಹತ್ತಿದ್ರೆ? ವಾರನ್ ಮೂನ್ 1978ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ರೋಸ್ ಬೌಲ್ ಗೆದ್ದುಕೊಟ್ಟ ಕಪ್ಪು ಹುಡುಗ. ಆ ವರ್ಷದ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನನ್ನ ಕರೆಯಲಿಲ್ಲ. ಕಪ್ಪು ಹುಡುಗರು ಓಡೋಕೆ, ಹಿಡಿಯೋಕೆ ಸರಿ, ಯೋಚಿಸೋ ಜಾಗಕ್ಕೆ ಬೇಡ ಅನ್ನೋ ಕಾಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ಪರ ಸತತ ಐದು ಗ್ರೇ ಕಪ್ ಗೆದ್ದ ಮೇಲಷ್ಟೇ ಎನ್‌ಎಫ್‌ಎಲ್ ಬಾಗಿಲು ತೆರೀತು. ಅದೆಲ್ಲ ಹಳೇ ಕಥೆ ಅನ್ಬೇಡಿ. 2016ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದ ಲಮಾರ್ ಜಾಕ್ಸನ್‌ಗೂ 2018ರಲ್ಲಿ "ನೀನು ಚೆಂಡು ಹಿಡಿಯೋ ಜಾಗಕ್ಕೆ ಹೋಗು" ಅನ್ನೋ ಸಲಹೆ ಬಂತು. ಅವನು ಒಪ್ಪಲಿಲ್ಲ, 32ನೇ ಆಯ್ಕೆಯಾದ. ಮರುವರ್ಷವೇ ಒಂದು ವೋಟೂ ತಪ್ಪದೆ ಲೀಗ್‌ನ ಅತ್ಯುತ್ತಮ ಆಟಗಾರ. ಡೇಟಾ ತಪ್ಪಾಗಿರಲಿಲ್ಲ ಅಲ್ಲಿ, ನೋಡೋ ಕಣ್ಣಲ್ಲೇ ಫಿಲ್ಟರ್ ಇತ್ತು.

ಅತಿ ಮುಖ್ಯವಾದ ಮಾತಿಗೆ ಈಗ ಬರ್ತೀವಿ. ಹುಡುಗನ ಸಾಮರ್ಥ್ಯ ಅಂತ ನಾವು ಕರೆಯೋದರಲ್ಲಿ ಅರ್ಧ ಭಾಗ ಅವನಲ್ಲಿ ಇರೋದೇ ಇಲ್ಲ, ಅವನನ್ನ ತಗೊಂಡ ತಂಡದಲ್ಲಿ ಇರುತ್ತೆ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಡೇವಿಡ್ ಕಾರ್‌ನನ್ನ 1ನೇ ಆಯ್ಕೆಯಾಗಿ ತಗೊಂಡಿತು. ಅವನ ಮುಂದೆ ನಿಂತು ಕಾಪಾಡೋಕೆ ಸರಿಯಾದ ಜನ ಇರಲಿಲ್ಲ. ಮೊದಲ ಸೀಸನ್‌ನಲ್ಲೇ ಎದುರಾಳಿಗಳು ಅವನನ್ನ ಚೆಂಡಿನ ಸಮೇತ ನೆಲಕ್ಕೆ ಕೆಡವಿದ್ದು 76 ಸಲ. ಆಗಿನ 16 ಮ್ಯಾಚ್‌ಗೆ ಭಾಗ ಹಾಕಿ ನೋಡಿ, ಮ್ಯಾಚಿಗೆ ಐದು ಸಲಕ್ಕೆ ಹತ್ತಿರ. ಆ ಏಟು ತಿಂದ ಮೇಲೆ ಯಾರಾದ್ರೂ ಮೂರನೇ ಸೆಕೆಂಡ್‌ವರೆಗೆ ಧೈರ್ಯವಾಗಿ ನಿಲ್ತಾರಾ? ಕಾರ್ ಒಳ್ಳೆಯವನಾಗಿದ್ನಾ ಅನ್ನೋ ಪ್ರಶ್ನೆಗೆ ಆ ಸೀಸನ್ ಉತ್ತರವೇ ಕೊಡಲ್ಲ. ಆದ್ರೂ ಫೇಲ್ ಆದ ನಂಬರ್ 1 ಪಟ್ಟಿ ಮಾಡೋರು ಅವನ ಹೆಸರು ಸೇರಿಸ್ತಾನೇ ಇರ್ತಾರೆ.

ಎದುರಿಗೆ ಮಹೋಮ್ಸ್‌ನನ್ನ ಇಟ್ಟು ನೋಡಿ. ಮೊದಲ ವರ್ಷ ಅವನು ಅನುಭವಿ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತ, ಆರಂಭದಿಂದ ಆಡಿದ್ದು ಒಂದೇ ಮ್ಯಾಚ್. ಕೋಚ್ ಆಂಡಿ ರೀಡ್. ಜಾಶ್ ಆಲನ್‌ಗೆ ಬಫಲೋ ಎರಡು ವರ್ಷ ಸಹಿಸಿಕೊಂಡು, 2020ರಲ್ಲಿ ಸ್ಟೆಫಾನ್ ಡಿಗ್ಸ್‌ನಂಥ ಜೊತೆಗಾರನನ್ನ ತಂದುಕೊಟ್ಟಿತು. ಪೇಟನ್ ಮ್ಯಾನಿಂಗ್ 1998ರ ಮೊದಲ ಸೀಸನ್‌ನಲ್ಲಿ ಎದುರಾಳಿ ಕೈಗೆ ಎಸೆದುಕೊಟ್ಟಿದ್ದು 28 ಚೆಂಡು, ತಂಡ ಗೆದ್ದಿದ್ದು ಮೂರೇ ಮ್ಯಾಚ್. ಇವತ್ತಿನ ಟ್ವಿಟರ್ ಇದ್ದಿದ್ರೆ ಡಿಸೆಂಬರ್ ಹೊತ್ತಿಗೆ ಅವನ ತಿಥಿ ಊಟ ಆಗಿರ್ತಿತ್ತು.

ನಮ್ಮನ್ನ ಆಯ್ಕೆಗೆ ಕೂರಿಸಿದ್ರೆ ಏನು ನೋಡ್ತೀವಿ? ಎಷ್ಟು ಮ್ಯಾಚ್ ಆಡಿದ್ದಾನೆ ಅಂತ ಮೊದಲು. ಗೆಲ್ಲೋ ಮ್ಯಾಚ್ ಬಿಟ್ಟು, ಬಲವಾದ ತಂಡದ ಎದುರು ಹಿಂದೆ ಬಿದ್ದಾಗಿನ ವಿಡಿಯೋ ಆಮೇಲೆ. ಓಟದ ಟೈಮ್ ಎಲ್ಲಕ್ಕಿಂತ ಕೊನೆಗೆ. ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ. ಎತ್ತರ ಇಲ್ಲ, ಫಿರಂಗಿ ತೋಳಿಲ್ಲ. ಆದರೆ ಅಯೊವಾ ಸ್ಟೇಟ್‌ಗೆ ನಾಲ್ಕು ಸೀಸನ್ ಆಡಿದ್ದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೈಲ್ ಶಾನಹನ್‌ನಂಥ ಕೋಚ್ ಸಿಕ್ಕ. ಎರಡನೇ ಸೀಸನ್‌ಗೇ ಸೂಪರ್ ಬೌಲ್ ಆಡಿದ. ಆ ಸೀಸನ್‌ನಲ್ಲಿ ಅವನ ಹಿಂದೆ ಬದಲಿ ಆಟಗಾರನಾಗಿ ಕೂತಿದ್ದವನು ಸ್ಯಾಮ್ ಡಾರ್ನಾಲ್ಡ್, 2018ರ 3ನೇ ಆಯ್ಕೆ, ನ್ಯೂಯಾರ್ಕ್ ಜೆಟ್ಸ್ ಕೈಬಿಟ್ಟವನು. ಮರುವರ್ಷ ಅದೇ ಡಾರ್ನಾಲ್ಡ್ ಮಿನೆಸೊಟಾಕ್ಕೆ ಹೋಗಿ 17ರಲ್ಲಿ 14 ಮ್ಯಾಚ್ ಗೆಲ್ಲಿಸಿದ. ತೋಳು ಅದೇ, ತಂಡ ಬೇರೆ.

ಈಗ ಆಂಟನಿ ರಿಚರ್ಡ್‌ಸನ್ ವಿಷಯ ನೋಡಿ. ಫ್ಲೋರಿಡಾದಲ್ಲಿ ಮೊದಲಿಂದ ಆಡಿದ್ದು 13 ಮ್ಯಾಚ್, ಗುರಿ ಮುಟ್ಟಿದ್ದು 55 ಶೇಕಡಕ್ಕೂ ಕಡಿಮೆ, 40 ಗಜ ಓಡಿದ್ದು 4.43 ಸೆಕೆಂಡ್‌ನಲ್ಲಿ. ಆ ಕೊನೆಯ ನಂಬರ್ ನೋಡಿದವರೆಲ್ಲ ಕಣ್ಣರಳಿಸಿದ್ರು. 2023ರಲ್ಲಿ ಇಂಡಿಯಾನಪೊಲಿಸ್ 4ನೇ ಆಯ್ಕೆಯಾಗಿ ತಗೊಂಡು, 21ನೇ ವಯಸ್ಸಲ್ಲಿ ಮೊದಲ ಮ್ಯಾಚಿಗೇ ಇಳಿಸಿತು. ನಾಲ್ಕು ಮ್ಯಾಚಿಗೆ ಭುಜಕ್ಕೆ ಪೆಟ್ಟು ಮಾಡಿಕೊಂಡು ಕೂತ. 2025ರ ಸೀಸನ್ ಶುರುವಾಗೋ ಹೊತ್ತಿಗೆ ಅವನ ಜಾಗವನ್ನ ಡೇನಿಯಲ್ ಜೋನ್ಸ್‌ಗೆ ಕೊಟ್ಟರು. ಆ ಜೋನ್ಸ್ ಕೂಡ ಹಿಂದಿನ ವರ್ಷ ಇನ್ನೊಂದು ತಂಡ ಬೇಡ ಅಂತ ಕಳಿಸಿದವನೇ. ಅಲ್ಲಿಗೆ ಕಾಲೇಜು, ಎನ್‌ಎಫ್‌ಎಲ್ ಎರಡೂ ಸೇರಿ ರಿಚರ್ಡ್‌ಸನ್ ಆರಂಭದಿಂದ ಆಡಿದ್ದು 28 ಮ್ಯಾಚ್. ಪರ್ಡಿ ಕಾಲೇಜು ಬಿಡೋ ಮೊದಲೇ ಅದಕ್ಕಿಂತ ಹೆಚ್ಚು ಆಡಿ ಮುಗಿಸಿದ್ದ.