ಅಂಗಡಿಯ ಗಣಕಯಂತ್ರ ಮತ್ತು ಲೆಕ್ಕಪತ್ರಗಳ ಭದ್ರತೆ

ಗಣಕಯಂತ್ರವನ್ನು ಮೇಜು, ಕುರ್ಚಿ, ಬೀರುಗಳ ಸಾಲಿಗೆ ಸೇರಿಸಿ ನೋಡುವ ಪದ್ಧತಿ ವ್ಯಾಪಾರಸ್ಥರಲ್ಲಿ ಇಂದಿಗೂ ಉಳಿದಿದೆ. ಒಮ್ಮೆ ಕೊಂಡರೆ ಕೆಡುವವರೆಗೂ ಬಳಸುವುದು, ಕೆಟ್ಟ ಮೇಲೆ ರಿಪೇರಿಯವರನ್ನು ಕರೆಸುವುದು ವಾಡಿಕೆ. ಲೇತ್ ಯಂತ್ರಕ್ಕಾಗಲಿ, ಗಿರಣಿಯ ಮೋಟಾರಿಗಾಗಲಿ ಇದೇ ವರ್ತಕರು, ಉದ್ದಿಮೆದಾರರು ಇಷ್ಟು ಅಸಡ್ಡೆ ತೋರುವುದಿಲ್ಲ. ಕಿರ್ದಿ, ಖಾತೆ ಪುಸ್ತಕಗಳನ್ನು ಹಿಂದೆ ತಿಜೋರಿಯ ಪಕ್ಕದಲ್ಲಿಟ್ಟು ಬೀಗ ಹಾಕುತ್ತಿದ್ದ ಮಳಿಗೆಗಳಲ್ಲಿಯೇ ಇಂದು ಅದೆಲ್ಲ ಲೆಕ್ಕವೂ ಗಲ್ಲಾದ ಕೆಳಗೆ ಧೂಳು ಹಿಡಿದು ಕುಳಿತ ಒಂದು ಪೆಟ್ಟಿಗೆಯೊಳಗಿದೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಕಾಪಾಡತಕ್ಕದ್ದು. ಡಿಸ್ಕ್ ಕೆಟ್ಟಿತೆಂಬ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ.

ಈ ಪ್ರಶ್ನೆ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅಂದಿನಿಂದ ಯಂತ್ರಗಳೇನೂ ನಿಂತುಹೋಗಲಿಲ್ಲ. ಬಿಲ್ಲು ಮುದ್ರಣವಾಗುತ್ತಿದೆ, ವಿವರಪಟ್ಟಿ ಸಲ್ಲಿಕೆಯಾಗುತ್ತಿದೆ. ಅಪಾಯವಿರುವುದೂ ಇದರಲ್ಲಿಯೇ. ಕೆಲಸ ನಡೆಯುತ್ತಿರುವವರೆಗೆ ಯಜಮಾನರ ಗಮನ ಅತ್ತ ಹರಿಯುವುದಿಲ್ಲ.

ಬೆಂಬಲವಿಲ್ಲದ ಯಂತ್ರದ ಗತಿಯೇನೆಂಬುದನ್ನು 2017ರ ಘಟನೆ ತೋರಿಸಿಕೊಟ್ಟಿದೆ. ವಿಂಡೋಸಿನಲ್ಲಿದ್ದ ಒಂದು ದೋಷಕ್ಕೆ ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಿತ್ತು. ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ತಿದ್ದುಪಡಿಯನ್ನು ಅಳವಡಿಸಿಕೊಳ್ಳಲು ಎರಡು ತಿಂಗಳ ಅವಕಾಶವಿದ್ದರೂ ಉಪೇಕ್ಷಿಸಿದವರು ಸಿಕ್ಕಿಬಿದ್ದರು. 2014ರಲ್ಲಿಯೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೆ ದಾಳಿಯಾದ ಮೇಲಷ್ಟೇ ತಿದ್ದುಪಡಿ ದೊರೆಯಿತು. “ನಮ್ಮಂಥ ಸಣ್ಣವರ ಲೆಕ್ಕ ಯಾರಿಗೆ ಬೇಕು” ಎಂಬ ಸಮಾಧಾನ ಅನೇಕ ವರ್ತಕರಲ್ಲಿದೆ. ಆದರೆ ಆ ಕುತಂತ್ರಾಂಶ ಯಾರನ್ನೂ ಆರಿಸಿಕೊಂಡು ಹೋಗಲಿಲ್ಲ. ಬಾಗಿಲು ತೆರೆದಿದ್ದ ಕಡೆಯೆಲ್ಲ ತಾನಾಗಿಯೇ ನುಗ್ಗಿತು.

ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದಲ್ಲಿ ಸಾಮಾನ್ಯವಾಗಿ 8ನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಕೂಡ ಅವಶ್ಯ. ಹಳೆಯ ಯಂತ್ರಗಳಲ್ಲಿ ಈ ನಿಬಂಧನೆಯನ್ನು ತಪ್ಪಿಸಿ ಹೊಸ ವಿಂಡೋಸ್ ಹಾಕಿಕೊಡುವ ರಿಪೇರಿಯವರಿದ್ದಾರೆ. ಅಂತಹ ಯಂತ್ರಗಳಿಗೆ ಮುಂದಿನ ತಿದ್ದುಪಡಿಗಳು ದೊರೆಯುವ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಹಳೆಯ ವಿಂಡೋಸಿಗೇ ಹಣ ತೆತ್ತು ಭದ್ರತಾ ತಿದ್ದುಪಡಿ ಪಡೆಯುವ ವ್ಯವಸ್ಥೆಯೂ ಉಂಟು. ಸಂಸ್ಥೆಗಳಿಗೆ ನಿಗದಿಯಾದ ದರ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್. ಪ್ರತಿ ವರ್ಷ ಅದು ಇಮ್ಮಡಿಯಾಗುತ್ತದೆ. ಮೂರು ವರ್ಷದ ನಂತರ ಅದೂ ಇಲ್ಲ. ಒಟ್ಟು 427 ಡಾಲರ್. ಲೆಕ್ಕ ಬರೆಯುವ ಕೆಲಸಕ್ಕೆ ಸಾಲುವ ಯಂತ್ರವೊಂದು ಆ ಹಣದ ಆಸುಪಾಸಿನಲ್ಲಿಯೇ ದೊರೆಯುವಾಗ, ಹಳೆಯದಕ್ಕೆ ತೇಪೆ ಹಾಕುತ್ತ ಕೂರುವುದು ಲಾಭದ ಬಾಬತ್ತಲ್ಲ.

ಕೊಳ್ಳುವಾಗಲೂ ಹಣ ಹೋಗಬಾರದ ಕಡೆ ಹೋಗುತ್ತಿದೆ. ಬಿಲ್ಲಿಂಗ್ ಮತ್ತು ಲೆಕ್ಕಪತ್ರಕ್ಕೆ 8 ಜಿ.ಬಿ. ರ‍್ಯಾಮ್, ಒಂದು ಎಸ್.ಎಸ್.ಡಿ. ಇದ್ದರೆ ಸಾಕು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ದೊರೆಯುವ, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳನ್ನೂ ತಳ್ಳಿಹಾಕಬೇಕಾಗಿಲ್ಲ. ಪ್ರೊಸೆಸರಿನ ತಲೆಮಾರು ಯಾವುದು, ವಿಂಡೋಸ್ ಪರವಾನಗಿ ಅಧಿಕೃತವೇ, ಡಿಸ್ಕ್ ಹೊಸದೇ, ತೆರಿಗೆ ಸಹಿತ ಬಿಲ್ಲು ಕೊಡುವರೇ ಎಂಬುದನ್ನು ವಿಚಾರಿಸಿ ಕೊಂಡಲ್ಲಿ ಅವು ಸಣ್ಣ ಸಂಸ್ಥೆಗೆ ಒದಗಿಬರುತ್ತವೆ. ಪರವಾನಗಿಯಿಲ್ಲದ ತಂತ್ರಾಂಶದ ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಬೀಗ ಮುರಿದ ಕೈ ಒಳಗೆ ಇನ್ನೇನನ್ನು ಇಟ್ಟುಹೋಗಿದೆಯೆಂದು ಬಲ್ಲವರಾರು?

ಉಳಿದ ಹಣ ಒಳ್ಳೆಯ ಯು.ಪಿ.ಎಸ್.ಗೂ ಎರಡು ಹೊರ ಡಿಸ್ಕುಗಳಿಗೂ ಹೋಗತಕ್ಕದ್ದು. ಬ್ಯಾಕಪ್ ಮಾಡುತ್ತೇವೆಂದು ಹೇಳುವ ಬಹಳ ಅಂಗಡಿಗಳಲ್ಲಿ ನಡೆಯುತ್ತಿರುವುದು ಇಷ್ಟೆ: ಒಂದು ಪೆನ್‌ಡ್ರೈವ್ ಹಗಲೂ ರಾತ್ರಿ ಯಂತ್ರಕ್ಕೇ ಚುಚ್ಚಿಕೊಂಡಿರುತ್ತದೆ. ಕಡತಗಳಿಗೆ ಬೀಗ ಹಾಕುವ ಕುತಂತ್ರಾಂಶ ಆ ಪೆನ್‌ಡ್ರೈವನ್ನೂ ಬಿಡುವುದಿಲ್ಲ. ತಾನಾಗಿಯೇ ಅಂತರ್ಜಾಲಕ್ಕೆ ಪ್ರತಿ ಕಳಿಸುವ ಏರ್ಪಾಡನ್ನು ನಂಬಿದವರಿಗೂ, ಕೆಟ್ಟ ಕಡತ ಒಳ್ಳೆಯದರ ಮೇಲೆ ಕುಳಿತುಬಿಡುವ ಭಯ ತಪ್ಪಿದ್ದಲ್ಲ. ಎರಡು ಡಿಸ್ಕುಗಳನ್ನು ಸರದಿಯಂತೆ ಬಳಸಿ, ಒಂದನ್ನು ಯಾವಾಗಲೂ ಮನೆಯಲ್ಲಿಡುವುದು ಕ್ಷೇಮ. ಅಂಗಡಿಗೆ ಬೆಂಕಿ ಬಿದ್ದರೂ, ಕಳ್ಳತನವಾದರೂ ಲೆಕ್ಕ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಿಂದಿನ ತಿಂಗಳ ತಾಳೆಪಟ್ಟಿ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪು ಎಣಿಸದ ನೋಟಿನ ಕಟ್ಟಿನಂತೆ.

ಡಿಜಿಟಲ್ ಸಹಿಯ ಟೋಕನ್ನಿನ ಬಗೆಗಿನ ಸಲಿಗೆ ಇದಕ್ಕಿಂತಲೂ ಆಶ್ಚರ್ಯಕರ. ಖಾಲಿ ಚೆಕ್ಕಿಗೆ ಸಹಿ ಮಾಡಿ ಯಾರ ಕೈಗೂ ಕೊಡದ ಯಜಮಾನರು ಟೋಕನ್ನನ್ನು, ಅದರ ಗುಪ್ತಸಂಖ್ಯೆಯ ಚೀಟಿಯ ಸಮೇತ, ಲೆಕ್ಕಿಗರ ಕಚೇರಿಯಲ್ಲಿ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಅದು ಲೆಕ್ಕಿಗರ ಪ್ರಾಮಾಣಿಕತೆಯ ಪ್ರಶ್ನೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಪ್ರಕರಣ ಸಹಿಯ ಖಾಸಗಿ ಕೀಲಿಯನ್ನು ಜೋಪಾನವಾಗಿಡುವ ಹೊಣೆಯನ್ನು ಸಹಿದಾರರ ಮೇಲೆಯೇ ಹೊರಿಸಿದೆ. ಆ ಸಹಿಯಿಂದಾದ ವ್ಯವಹಾರಕ್ಕೆ ಮೊದಲು ಉತ್ತರ ಹೇಳಬೇಕಾದವರೂ ಅವರೇ.

ಸಿ.ಸಿ. ಕ್ಯಾಮೆರಾ ಮತ್ತು ರೂಟರುಗಳೊಂದಿಗೆ ಬಂದ ಪಾಸ್‌ವರ್ಡನ್ನು ಅಳವಡಿಸಿದ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂತಹ ಸಾಧನಗಳನ್ನು ಕಾರ್ಖಾನೆಯ ಪಾಸ್‌ವರ್ಡಿನಿಂದಲೇ ವಶಪಡಿಸಿಕೊಂಡಿತು. ದೂರದಿಂದ ರಿಪೇರಿ ಮಾಡಲು ಹಾಕಿಸಿಕೊಂಡ ತಂತ್ರಾಂಶವನ್ನು ಕೆಲಸ ಮುಗಿದೊಡನೆ ಮುಚ್ಚಿಸುವುದು ಲೇಸು. ಹಣ ವಂಚನೆಯಾದಲ್ಲಿ ಬ್ಯಾಂಕಿಗೂ 1930 ಸಂಖ್ಯೆಗೂ ಕೂಡಲೇ ತಿಳಿಸತಕ್ಕದ್ದು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿರುತ್ತದೆ.

ಇದೆಲ್ಲವನ್ನೂ ಸಣ್ಣ ಸಂಸ್ಥೆಯ ಯಜಮಾನರು ತಾವೇ ಕುಳಿತು ಮಾಡಬೇಕೆಂದಲ್ಲ. ವಾರ್ಷಿಕ ನಿರ್ವಹಣಾ ಕರಾರು ಮಾಡಿಕೊಳ್ಳುವವರು ಸಾಮಾನ್ಯವಾಗಿ ದರವನ್ನಷ್ಟೇ ಚೌಕಾಸಿ ಮಾಡುತ್ತಾರೆ. ತಿದ್ದುಪಡಿಗಳ ಅಳವಡಿಕೆ, ತ್ರೈಮಾಸಿಕ ಬ್ಯಾಕಪ್ ಪರೀಕ್ಷೆ, ಬದಲಿಸಿದ ಪಾಸ್‌ವರ್ಡುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರಿಗೆ ಒಪ್ಪಿಸುವುದು, ಇವಿಷ್ಟನ್ನು ಕರಾರಿನಲ್ಲಿ ಬರೆಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡುವ ಮುನ್ನ ಅದರ ಡಿಸ್ಕನ್ನು ಕಳಚಿ ತಮ್ಮಲ್ಲಿಯೇ ಇಟ್ಟುಕೊಳ್ಳುವ ಷರತ್ತೂ ಅದರಲ್ಲಿರಲಿ. ಬರಿಯ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಗಿರಾಕಿಗಳ ಪಟ್ಟಿಯನ್ನೂ ಖರೀದಿ ದರಗಳನ್ನೂ ಹೊರತೆಗೆಯಲು ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ.